ಆಳ ಪೌಡರ್ ಹಿಮದಲ್ಲಿ ಸ್ನೋಮೊಬೈಲ್: ಟ್ರ್ಯಾಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸ್ನೋಮೊಬೈಲ್ ಅಂದರೆ ಮುಂದೆ ಸ್ಕೀ (ಜಾರುವ ಹಲಗೆ), ಹಿಂದೆ ಸುತ್ತುವ ಟ್ರ್ಯಾಕ್ ಇರುವ ಹಿಮದ ಗಾಡಿ. ಅದರ ಮಾತು ಬಂದ ಕೂಡಲೇ ಜನ ಕೇಳುವುದು ಎಂಜಿನ್ ಎಷ್ಟು ಸಿಸಿ ಅಂತ. ಗಟ್ಟಿ ಮಾಡಿದ ಹಿಮದ ದಾರಿಯಲ್ಲಿ ಓಡಿಸುವವರಿಗೆ ಆ ಪ್ರಶ್ನೆ ಸರಿ. ಆದರೆ ಸೊಂಟದ ಮಟ್ಟ ಬಿದ್ದ ಹೊಸ ಹಿಮಕ್ಕೆ ಇಳಿದಾಗ, ಗಾಡಿ ಮುಂದೆ ಹೋಗುತ್ತದೋ ಹೂತು ನಿಲ್ಲುತ್ತದೋ ಅನ್ನುವುದನ್ನು ಮೊದಲು ತೀರ್ಮಾನಿಸುವುದು ಅದರ ಹೊಟ್ಟೆಯ ಕೆಳಗೆ ಸುತ್ತುವ ರಬ್ಬರ್ ಟ್ರ್ಯಾಕ್. ಕ್ಯಾಲ್ಗರಿ, ಎಡ್ಮಂಟನ್, ವ್ಯಾಂಕೂವರ್ ಕಡೆ ಇರುವ ಕನ್ನಡಿಗರು ಚಳಿಗಾಲದಲ್ಲಿ ರೆವೆಲ್‌ಸ್ಟೋಕ್, ಸಿಕಮಸ್ ಬೆಟ್ಟಗಳಿಗೆ ಹೊರಡುವ ಮೊದಲು ಕೇಳುವ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಈ ಪುಟ ಬರೆದಿದ್ದೇನೆ.

ಪೌಡರ್ ಹಿಮ ಅಂದರೆ ಯಾವುದು? ಎಲ್ಲ ಹಿಮವೂ ಒಂದೇ ಅಲ್ವಾ?

ಅಲ್ಲ. ಹಿಮದಲ್ಲಿ ಗಾಳಿ ಎಷ್ಟಿದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಒಂದು ಘನ ಮೀಟರ್ ನೀರು 1,000 ಕೆಜಿ ತೂಗುತ್ತದೆ. ಅಷ್ಟೇ ಜಾಗದಲ್ಲಿ ಹೊಸದಾಗಿ ಬಿದ್ದ ಒಣ ಹಿಮ ಸಾಮಾನ್ಯವಾಗಿ 50ರಿಂದ 100 ಕೆಜಿ ಇರುತ್ತದೆ. ಯಂತ್ರ ಹಾಯಿಸಿ ಗಟ್ಟಿ ಮಾಡಿದ ಟ್ರೇಲ್ ಆದರೆ 400 ಕೆಜಿ ದಾಟುತ್ತದೆ. ಪೌಡರ್‌ನಲ್ಲಿ ನಿಮ್ಮ ಗಾಡಿಯ ಕೆಳಗೆ ಇರುವುದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯೇ.

ಸಮುದ್ರಕ್ಕೆ ಹತ್ತಿರದ ಬೆಟ್ಟಗಳಲ್ಲಿ ಹಿಮ ಒದ್ದೆ, ಭಾರ. ಒಳನಾಡಿನ ಎತ್ತರದ ಬೆಟ್ಟಗಳಲ್ಲಿ ಒಣ, ಹಗುರ. ಒಂದೇ ಟ್ರ್ಯಾಕ್ ಈ ಎರಡು ಕಡೆ ಬೇರೆ ಬೇರೆ ಥರ ನಡೆದುಕೊಳ್ಳುತ್ತದೆ. ಅದಕ್ಕೇ ಯಾರಾದರೂ 'ಈ ಟ್ರ್ಯಾಕ್ ಸೂಪರ್' ಅಂದರೆ, ಎಲ್ಲಿಯ ಹಿಮದಲ್ಲಿ ಅಂತ ಮೊದಲು ಕೇಳಿ.

163 x 15 x 3 ಅಂತ ಬರೆದಿರುತ್ತಾರಲ್ಲ, ಏನದು?

ಮೂರೂ ಇಂಚಿನ ಲೆಕ್ಕ. ಮೊದಲನೆಯದು ಟ್ರ್ಯಾಕ್‌ನ ಪೂರ್ತಿ ಸುತ್ತಳತೆ, ಎರಡನೆಯದು ಅಗಲ, ಮೂರನೆಯದು ಲಗ್‌ನ ಎತ್ತರ. ಟ್ರ್ಯಾಕ್ ಮೇಲೆ ಎದ್ದು ನಿಂತಿರುವ ರಬ್ಬರ್ ಹಲ್ಲುಗಳಿಗೆ ಲಗ್ ಅನ್ನುತ್ತಾರೆ. ಪೌಡರ್ ಸವಾರರು ಪ್ಯಾಡಲ್ ಅಂತಲೂ ಕರೆಯುತ್ತಾರೆ.

ಟ್ರೇಲ್ ಗಾಡಿಗಳಲ್ಲಿ ಉದ್ದ ಸಾಮಾನ್ಯವಾಗಿ 120ರಿಂದ 137 ಇಂಚು, ಲಗ್ ಒಂದೂಕಾಲು ಇಂಚಿನ ಆಸುಪಾಸು. ಬೆಟ್ಟದ ಗಾಡಿಗಳಲ್ಲಿ 146ರಿಂದ 175 ಇಂಚಿನವರೆಗೆ ಉದ್ದ, ಲಗ್ ಎರಡೂಕಾಲರಿಂದ ಮೂರು ಇಂಚು. ನಡುವಿನ ಅಳತೆಯವು ಎರಡೂ ಕಡೆ ಓಡಾಡುವವರಿಗೆ.

200 ಕೆಜಿ ಗಾಡಿ ಗಾಳಿಯಂಥ ಹಿಮದ ಮೇಲೆ ಹೇಗೆ ನಿಲ್ಲುತ್ತದೆ?

ಭಾರವನ್ನು ಹರಡುವುದರಿಂದ. ಅಂದಾಜು ಲೆಕ್ಕ ಹಾಕೋಣ. ಬೆಟ್ಟದ ಗಾಡಿ, ಪೆಟ್ರೋಲ್, ಸವಾರ, ಬ್ಯಾಗ್ ಎಲ್ಲ ಸೇರಿ 320 ಕೆಜಿ ಅಂದುಕೊಳ್ಳಿ. 163 ಇಂಚಿನ ಟ್ರ್ಯಾಕ್‌ನಲ್ಲಿ ನೆಲಕ್ಕೆ ತಾಗುವ ಭಾಗ ಸುಮಾರು 160 ಸೆಂಟಿಮೀಟರ್ ಉದ್ದ, 38 ಸೆಂಟಿಮೀಟರ್ ಅಗಲ. ಅಂದರೆ ಸುಮಾರು 6,100 ಚದರ ಸೆಂಟಿಮೀಟರ್. ಸ್ಕೀಗಳು ಹೊರುವ ಪಾಲನ್ನು ಬಿಟ್ಟರೂ ಒಂದು ಚದರ ಸೆಂಟಿಮೀಟರ್ ಮೇಲೆ ಬೀಳುವ ಭಾರ 50 ಗ್ರಾಂ ಚಿಲ್ಲರೆ. 80 ಕೆಜಿ ಮನುಷ್ಯ ಬೂಟು ಹಾಕಿ ಒಂದು ಕಾಲ ಮೇಲೆ ನಿಂತರೆ ಅದೇ ಚದರ ಸೆಂಟಿಮೀಟರ್ ಮೇಲೆ 300 ಗ್ರಾಂ ದಾಟುತ್ತದೆ. ಗಾಡಿ ತೇಲುವ ಜಾಗದಲ್ಲಿ ಇಳಿದು ನಿಂತರೆ ಸೊಂಟದವರೆಗೆ ಹೋಗುವುದು ಇದಕ್ಕೇ. ಹೊಸಬರು ಮಾಡುವ ಮೊದಲ ಕೆಲಸವೂ ಅದೇ, ಗಾಡಿ ನಿಂತ ತಕ್ಷಣ ಕೆಳಗೆ ಹಾರುವುದು. ಸ್ವಲ್ಪ ತಡೆಯಿರಿ.

ಈ ಲೆಕ್ಕದಿಂದ ಇನ್ನೊಂದು ವಿಷಯ ಗೊತ್ತಾಗುತ್ತದೆ. 154ರಿಂದ 163ಕ್ಕೆ ಹೋದರೆ ಸುತ್ತಳತೆ 9 ಇಂಚು ಹೆಚ್ಚುತ್ತದೆ. ಅದರಲ್ಲಿ ನೆಲಕ್ಕೆ ತಾಗುವುದು ಸುಮಾರು ಅರ್ಧ ಮಾತ್ರ. ಸಿಗುವ ಲಾಭ ಅಂದಾಜು ನೂರಕ್ಕೆ ಏಳರಷ್ಟು. ಗಾಡಿ ಮೇಲೆ ಹೇರಿದ 20 ಕೆಜಿ ಸಾಮಾನು ಇಳಿಸಿದರೂ ಹೆಚ್ಚುಕಮ್ಮಿ ಅಷ್ಟೇ ಲಾಭ. ಉದ್ದ ಟ್ರ್ಯಾಕ್‌ಗೆ ದುಡ್ಡು ಸುರಿಯುವ ಮೊದಲು ಹಿಂದೆ ಕಟ್ಟಿದ ಎರಡು ಪೆಟ್ರೋಲ್ ಕ್ಯಾನ್ ನಿಜವಾಗಿ ಬೇಕಾ ಅಂತ ನೋಡಿ.

ಹಾಗಾದರೆ ಉದ್ದ ಇದ್ದಷ್ಟೂ ಒಳ್ಳೆಯದೇ?

ನೇರ ಏರು ಹತ್ತುವುದಕ್ಕೆ ಹೌದು. ತಿರುಗಿಸುವುದಕ್ಕೆ ಅಲ್ಲ. ಉದ್ದ ಟ್ರ್ಯಾಕ್ ಗಾಡಿಯನ್ನು ನೇರಕ್ಕೇ ಎಳೆಯುತ್ತದೆ. ಒತ್ತಾದ ಮರಗಳ ನಡುವೆ ಸಟ್ಟನೆ ಹೊರಳಿಸಬೇಕಾದಾಗ 174 ಅಥವಾ 175 ಇಂಚಿನದು ಕೈಗೆ ಸಿಗುವುದಿಲ್ಲ. 154 ಇಂಚಿನದು ಚುರುಕು, ಆದರೆ ತುಂಬ ಆಳದ ಹಿಮದಲ್ಲಿ ವೇಗ ಇಳಿದರೆ ಬೇಗ ಹೂಳುತ್ತದೆ. 163, 165 ಇಂಚಿನವು ಈ ಎರಡು ತುದಿಗಳ ನಡುವಿನವು. ಬೆಟ್ಟಕ್ಕೆ ಮೊದಲ ಸಲ ಹೋಗುವವರಿಗೆ ನಾನು ಯಾವಾಗಲೂ ಹೇಳುವುದು ಇದನ್ನೇ. ಸವಾರ 100 ಕೆಜಿ ದಾಟಿದ್ದರೆ ಇನ್ನೊಂದು ಹೆಜ್ಜೆ ಉದ್ದಕ್ಕೆ ಹೋಗಬಹುದು.

ಲಗ್ ಎತ್ತರ ಇದ್ದರೆ ಎಳೆತ ಜಾಸ್ತಿ ಅಲ್ವಾ? ಮೂರು ಇಂಚಿನದನ್ನೇ ಹಾಕಿಸಬಹುದಲ್ಲ?

ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲೇ. ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಲಗ್‌ಗೆ ಹಿಡಿಯಲು ಗಟ್ಟಿಯಾದದ್ದು ಏನಾದರೂ ಬೇಕು. ಟ್ರೇಲ್‌ನಲ್ಲಿ ಅದು ಮೊದಲೇ ಇದೆ. ಪೌಡರ್‌ನಲ್ಲಿ ಇಲ್ಲ. ಅಲ್ಲಿ ಲಗ್ ಹಿಮವನ್ನು ಮೊದಲು ಒತ್ತಬೇಕು, ಒತ್ತಿ ಗಟ್ಟಿ ಮಾಡಿಕೊಳ್ಳಬೇಕು, ಆಮೇಲೆ ಆ ಗಟ್ಟಿಯಾದ ಮುದ್ದೆಯನ್ನು ಹಿಂದಕ್ಕೆ ತಳ್ಳಬೇಕು. ಎತ್ತರದ ಲಗ್ ಹೆಚ್ಚು ಹಿಮ ಹಿಡಿಯುತ್ತದೆ, ಆಳದಿಂದ ಹಿಡಿಯುತ್ತದೆ. ಇಲ್ಲಿಯವರೆಗೆ ನಿಮ್ಮ ಮಾತು ಸರಿ.

ಆದರೆ ಹೆಚ್ಚು ಹಿಮ ಹಿಡಿದರೆ ಅದನ್ನು ತಳ್ಳಲು ಹೆಚ್ಚು ಶಕ್ತಿ ಬೇಕು. ಟ್ರ್ಯಾಕ್ ಭಾರವೂ ಆಗುತ್ತದೆ, ಆ ಭಾರವನ್ನು ಎಂಜಿನ್ ಸುತ್ತಿಸುತ್ತಲೇ ಇರಬೇಕು. 165 ಹಾರ್ಸ್‌ಪವರ್‌ನ 850 ಸಿಸಿ ಎಂಜಿನ್ ಮೂರು ಇಂಚಿನ ಲಗ್ ಇರುವ ಉದ್ದ ಟ್ರ್ಯಾಕ್ ಅನ್ನು ಚೆನ್ನಾಗಿ ತಿರುಗಿಸುತ್ತದೆ. 600 ಸಿಸಿ ಎಂಜಿನ್ ಅದೇ ಟ್ರ್ಯಾಕ್ ಮುಂದೆ ಏದುಸಿರು ಬಿಡುತ್ತದೆ. ಟ್ರ್ಯಾಕ್ ವೇಗ ಬಿದ್ದರೆ ಗಾಡಿ ಮೇಲೆ ಏಳುವುದೇ ಇಲ್ಲ.

ಎತ್ತರದ ಜಾಗದ ಲೆಕ್ಕ ಬೇರೆ. ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಏರಿದಂತೆ ನೂರಕ್ಕೆ ಸುಮಾರು 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ವಯೋಮಿಂಗ್‌ನ ಟೋಗವೊಟಿ ಪಾಸ್ ಸುಮಾರು 2,900 ಮೀಟರ್ ಎತ್ತರದಲ್ಲಿದೆ. ಅಲ್ಲಿ 165ರ ಎಂಜಿನ್ 120ರ ಆಸುಪಾಸಿಗೆ ಬಂದಿರುತ್ತದೆ. ಕಾರ್ಖಾನೆಯಿಂದಲೇ ಟರ್ಬೊ ಕೂರಿಸಿದ ಎರಡು ಸ್ಟ್ರೋಕ್ ಎಂಜಿನ್ ಅನ್ನು ಸ್ಕೀ-ಡೂ ಎಂಬ ಸ್ನೋಮೊಬೈಲ್ ಬ್ರ್ಯಾಂಡ್ 2020ರ ಮಾದರಿಯಲ್ಲಿ ತಂದದ್ದು ಈ ಕೊರತೆ ತುಂಬಲಿಕ್ಕೇ. ಶಕ್ತಿ ಉಳಿದರೆ ಎತ್ತರದ ಲಗ್‌ಗೆ ಅರ್ಥ ಬರುತ್ತದೆ.

ಇನ್ನು ಹೂಳುವ ವಿಷಯ. ಗದ್ದೆ ಕೆಸರಿಗೆ ಇಳಿಯುವ ಟ್ರ್ಯಾಕ್ಟರ್‌ಗೆ ಕೇಜ್ ವೀಲ್ ಹಾಕುತ್ತಾರಲ್ಲ, ಅದರ ಪಟ್ಟಿಗಳು ಕೆಸರನ್ನು ಹಿಡಿದು ಗಾಡಿಯನ್ನು ನಡೆಸುತ್ತವೆ. ಡ್ರೈವರ್ ನಿಂತ ಕಡೆಯೇ ಎಕ್ಸಿಲೇಟರ್ ಒತ್ತಿದರೆ ಅವೇ ಪಟ್ಟಿಗಳು ಗುಂಡಿ ತೋಡಿ ಟ್ರ್ಯಾಕ್ಟರನ್ನು ಹೂಳುತ್ತವೆ. ಮೂರು ಇಂಚಿನ ಲಗ್ ಕೂಡ ಹಾಗೆಯೇ, ಇನ್ನೂ ಬೇಗ.

ನನ್ನ ಅಭಿಪ್ರಾಯ ಇಷ್ಟು: ಟ್ರ್ಯಾಕ್ ಮೊದಲು ಎತ್ತಬೇಕು, ಆಮೇಲೆ ತಳ್ಳಬೇಕು. ಎತ್ತುವುದು ಉದ್ದ, ಅಗಲ ಮತ್ತು ಮುಂಭಾಗದ ಕೋನದ ಕೆಲಸ. ತಳ್ಳುವುದು ಲಗ್‌ನ ಕೆಲಸ. 600 ಎಂಜಿನ್ ಇರುವವರು ಎರಡೂಕಾಲರಿಂದ ಎರಡೂವರೆ ಇಂಚಿನಲ್ಲಿ ಖುಷಿಯಾಗಿ ಇರಬಹುದು. ಮೂರು ಇಂಚು 850 ಮತ್ತು ಅದಕ್ಕಿಂತ ಮೇಲಿನವರಿಗೆ ಇರಲಿ.

ಪಿಚ್ ಅಂದರೇನು?

ಟ್ರ್ಯಾಕ್ ಒಳಗೆ ಅಡ್ಡಡ್ಡಲಾಗಿ ಫೈಬರ್‌ಗ್ಲಾಸ್ ಕಡ್ಡಿಗಳು ಇರುತ್ತವೆ. ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಇರುವ ದೂರವೇ ಪಿಚ್. ಹಳೆಯ ಮತ್ತು ಟ್ರೇಲ್ ಟ್ರ್ಯಾಕ್‌ಗಳಲ್ಲಿ 2.52 ಇಂಚು ಸಾಮಾನ್ಯ. ಬೆಟ್ಟದ ಗಾಡಿಗಳಲ್ಲಿ 2.86, 3.0, 3.5 ಇಂಚು ಬಂದಿವೆ. 2.86ರಂತೆ 57 ಕಡ್ಡಿ ಇಟ್ಟರೆ 163 ಇಂಚು. 3.5ರಂತೆ 50 ಇಟ್ಟರೆ 175.

ಪಿಚ್ ದೊಡ್ಡದಾದರೆ ಲಗ್ ಸಾಲುಗಳ ನಡುವೆ ಜಾಗ ಹೆಚ್ಚುತ್ತದೆ. ಎತ್ತರದ ಲಗ್‌ಗಳು ತೀರಾ ಹತ್ತಿರ ಇದ್ದರೆ ನಡುವೆ ಹಿಮ ಕಚ್ಚಿಕೊಂಡು ಟ್ರ್ಯಾಕ್ ನುಣ್ಣಗಾಗುತ್ತದೆ. ಜಾಗ ಬಿಟ್ಟರೆ ಹಿಮ ಒಳಗೆ ಬರುತ್ತದೆ, ಹೊರಗೂ ಹೋಗುತ್ತದೆ. ಕಡ್ಡಿ, ಸಾಲು ಎರಡೂ ಕಡಿಮೆಯಾಗಿ ತೂಕವೂ ಇಳಿಯುತ್ತದೆ. ಗಟ್ಟಿ ದಾರಿಯಲ್ಲಿ ಮಾತ್ರ ಗಡಗಡ ಅಲುಗಾಟ ಜಾಸ್ತಿ. ಪಿಚ್ ಬದಲಾದರೆ ಟ್ರ್ಯಾಕ್ ತಿರುಗಿಸುವ ಡ್ರೈವ್ ಹಲ್ಲುಚಕ್ರವನ್ನೂ ಬದಲಿಸಲೇಬೇಕು, ಇದನ್ನು ಮರೆಯಬೇಡಿ.

ರಬ್ಬರ್ ಮೆತ್ತಗಿರಬೇಕಾ, ಗಟ್ಟಿ ಇರಬೇಕಾ? ಲಗ್ ಆಕಾರಕ್ಕೆ ಮಹತ್ವ ಇದೆಯಾ?

ತುಂಬಾ ಇದೆ. ಮೆತ್ತನೆ ಲಗ್ ಪೌಡರ್‌ನಲ್ಲಿ ಸ್ವಲ್ಪ ಬಾಗಿ ಹಿಮವನ್ನು ಮೆಲ್ಲಗೆ ಒತ್ತುತ್ತದೆ, ಹಾಗಾಗಿ ಗುಂಡಿ ತೋಡುವುದು ಕಡಿಮೆ. ಗಟ್ಟಿ ಲಗ್ ವಸಂತದ ಒದ್ದೆ, ಹರಳುಗಟ್ಟಿದ ಹಿಮದಲ್ಲಿ ಚೆನ್ನಾಗಿ ಕಚ್ಚುತ್ತದೆ. ಬಟ್ಟಲಿನ ಹಾಗೆ ಒಳಬಾಗಿದ ಲಗ್ ಹಿಮವನ್ನು ಬಾಚಿ ಹಿಡಿಯುತ್ತದೆ. ಅಡ್ಡಕ್ಕೆ ಪೂರ್ತಿ ಒಂದೇ ಗೋಡೆಯಂತೆ ಲಗ್ ಇದ್ದರೆ ನೇರ ಎಳೆತ ಜೋರು, ಆದರೆ ಇಳಿಜಾರನ್ನು ಅಡ್ಡ ಹಾಯುವಾಗ ಗಾಡಿ ಕೆಳಕ್ಕೆ ಜಾರುತ್ತದೆ. ಅದಕ್ಕೇ ಈಗಿನ ಟ್ರ್ಯಾಕ್‌ಗಳಲ್ಲಿ ಲಗ್‌ಗಳನ್ನು ಒಂದರ ಪಕ್ಕ ಒಂದು ಹಿಂದೆ ಮುಂದೆ ಮಾಡಿ ಕೂರಿಸಿರುತ್ತಾರೆ.

ಅಂಚಿನ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಒಂದು ಬದಲಾವಣೆ ಇದೆ. ಮೊದಲು ಕಡ್ಡಿಗಳು ಟ್ರ್ಯಾಕ್‌ನ ತುದಿಯಿಂದ ತುದಿಗೆ ಇರುತ್ತಿದ್ದವು. ಗಾಡಿಯನ್ನು ಒಂದು ಬದಿಗೆ ವಾಲಿಸಿದರೆ ಇಡೀ ಟ್ರ್ಯಾಕ್ ಹಲಗೆಯಷ್ಟು ಬಿಗಿಯಾಗಿ ಎದುರು ನಿಲ್ಲುತ್ತಿತ್ತು. ಸ್ಕೀ-ಡೂ ಸಮಿಟ್ ಗಾಡಿಗಳಿಗೆ 2013ರಲ್ಲಿ ಬಂದ ಫ್ಲೆಕ್ಸ್‌ಎಡ್ಜ್ ಟ್ರ್ಯಾಕ್‌ನಲ್ಲಿ ಕಡ್ಡಿ ಅಂಚಿನವರೆಗೆ ಹೋಗುವುದಿಲ್ಲ. ಅಂಚು ಬಾಗುತ್ತದೆ, ಗಾಡಿ ಸುಲಭವಾಗಿ ವಾಲುತ್ತದೆ. ಪೌಡರ್‌ನಲ್ಲಿ ತಿರುಗುವುದು ಹ್ಯಾಂಡಲ್‌ನಿಂದ ಅಲ್ಲ, ವಾಲಿಸುವುದರಿಂದ. ಹಾಗಾಗಿ ಇದು ಸಣ್ಣ ವಿಷಯ ಅಲ್ಲ.

15 ಇಂಚು ಅಗಲವೋ, 16 ಇಂಚೋ?

16 ಸ್ವಲ್ಪ ಹೆಚ್ಚು ತೇಲುತ್ತದೆ, 15 ಸ್ವಲ್ಪ ಸುಲಭವಾಗಿ ವಾಲುತ್ತದೆ. ಎರಡರಲ್ಲೂ ಒಳ್ಳೆಯ ಸವಾರರಿದ್ದಾರೆ, ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ. 20 ಮತ್ತು 24 ಇಂಚಿನವು ಸಾಮಾನು ಎಳೆಯುವ, ಕೆಲಸದ ಗಾಡಿಗಳು. ಅವು ಚೆನ್ನಾಗಿ ತೇಲುತ್ತವೆ. ಆದರೆ ಕಡಿದಾದ ಇಳಿಜಾರಿನಲ್ಲಿ ವಾಲಿಸಲು ಹೋದರೆ ಕೈ ಸೋಲುತ್ತದೆ.

ಮುಂಭಾಗದ ಕೋನ ಅಂದಿರಲ್ಲ, ಅದೇನು?

ಟ್ರ್ಯಾಕ್ ಹಿಮಕ್ಕೆ ಮೊದಲು ತಾಗುವ ಕಡೆ ಅದು ಮೇಲಿಂದ ಕೆಳಕ್ಕೆ ಓರೆಯಾಗಿ ಇಳಿಯುತ್ತದೆ. ಆ ಓರೆ ತೀರಾ ಕಡಿದಾಗಿದ್ದರೆ ಟ್ರ್ಯಾಕ್ ಎದುರಿನ ಹಿಮವನ್ನು ಗುದ್ದುತ್ತದೆ, ಅಗೆಯುತ್ತದೆ. ಓರೆ ನಿಧಾನವಾಗಿದ್ದರೆ ಹಿಮ ಮೆಲ್ಲಗೆ ಟ್ರ್ಯಾಕ್ ಕೆಳಗೆ ಸೇರಿ ಒತ್ತಿಕೊಳ್ಳುತ್ತದೆ, ಗಾಡಿ ಮೇಲಕ್ಕೆ ಹತ್ತುತ್ತದೆ. ವೇಗ ಬಂದ ಮೇಲೆ ಗಾಡಿ ಹಿಮದೊಳಗೆ ಉಳುವುದು ಬಿಟ್ಟು ಮೇಲೆ ಬಂದು ಓಡುವ ಒಂದು ಕ್ಷಣ ಇದೆ. ಕಾಲಿಗೆ, ಸೊಂಟಕ್ಕೆ ತಕ್ಷಣ ಗೊತ್ತಾಗುತ್ತದೆ. ಎದುರಿನ ಒತ್ತಡ ಸಟ್ಟನೆ ಇಳಿಯುತ್ತದೆ, ಅದೇ ಥ್ರಾಟಲ್‌ಗೆ (ಎಕ್ಸಿಲೇಟರ್‌ಗೆ) ವೇಗ ಏರುತ್ತದೆ. ಉದ್ದ ಟ್ರ್ಯಾಕ್ ಮತ್ತು ನಿಧಾನ ಓರೆ ಇದ್ದರೆ ಆ ಕ್ಷಣ ಬೇಗ ಬರುತ್ತದೆ.

ಟ್ರ್ಯಾಕ್ ಒಳಗಿನ ಸಸ್ಪೆನ್ಷನ್‌ನ ಮುಂದಿನ ಪಟ್ಟಿಯನ್ನು ಬಿಗಿ ಅಥವಾ ಸಡಿಲ ಮಾಡಿ ಈ ಕೋನವನ್ನು ಸ್ವಲ್ಪ ಬದಲಿಸಬಹುದು. ಪಟ್ಟಿ ಬಿಗಿದರೆ ಮುಂಭಾಗ ಮೇಲೇಳುವುದು ಕಡಿಮೆ, ಸ್ಕೀ ಮಾತು ಕೇಳುತ್ತದೆ. ಸಡಿಲ ಬಿಟ್ಟರೆ ಭಾರ ಹಿಂದಕ್ಕೆ ಹೋಗಿ ಮೂತಿ ಮೇಲಾಗುತ್ತದೆ. ಒಂದೊಂದು ತೂತಿನಷ್ಟೇ ಬದಲಿಸಿ, ಓಡಿಸಿ ನೋಡಿ.

ಪೌಡರ್‌ನಲ್ಲಿ ಹೊರಡುವುದು, ನಿಲ್ಲಿಸುವುದು ಹೇಗೆ? ಹೂತರೆ ಏನು ಮಾಡಬೇಕು?

ನಿಲ್ಲಿಸುವಾಗ ಮೂತಿ ಇಳಿಜಾರಿನ ಕೆಳಗಡೆಗೆ ಇರಲಿ. ಇದೊಂದು ಅಭ್ಯಾಸ ನಿಮ್ಮ ಅರ್ಧ ದಿನದ ಅಗೆತ ಉಳಿಸುತ್ತದೆ. ಬ್ರೇಕ್ ಒತ್ತಬೇಡಿ, ಥ್ರಾಟಲ್ ಬಿಟ್ಟರೆ ಸಾಕು. ಬ್ರೇಕ್ ಹಿಡಿದರೆ ಟ್ರ್ಯಾಕ್ ಮುಂದೆ ಹಿಮದ ಗುಡ್ಡೆ ಕಟ್ಟುತ್ತದೆ.

ಹೊರಡುವಾಗ ಒಂದೇ ಸಮ, ಹದವಾಗಿ ಥ್ರಾಟಲ್ ಕೊಡಿ. ಗಾಡಿ ಮುಂದೆ ಹೋಗದೆ ಹಿಂಭಾಗ ಕುಸಿಯುತ್ತಿದೆ ಅನಿಸಿದ ಕ್ಷಣವೇ ಬಿಟ್ಟುಬಿಡಿ. ಇನ್ನೊಂದು ಸ್ವಲ್ಪ ಒತ್ತಿದರೆ ಬರಬಹುದು ಅನ್ನುವ ಆಸೆ ಎಲ್ಲರಿಗೂ ಬರುತ್ತದೆ, ಗಾಡಿ ಮಾತ್ರ ಬರುವುದಿಲ್ಲ.

ಹೂತಿದ್ದರೆ ಎಂಜಿನ್ ಆಫ್ ಮಾಡಿ. ಕಾಲಿಡುವ ಹಲಗೆಗಳ ಕೆಳಗೆ ಮತ್ತು ಮುಂದೆ ಹಿಮ ತೆಗೆಯಿರಿ, ಯಾಕೆಂದರೆ ಗಾಡಿ ಕೂತಿರುವುದು ಅಲ್ಲಿ. ಮುಂದಿನ ಕೆಲವು ಮೀಟರ್ ಹಿಮವನ್ನು ತುಳಿದು ಗಟ್ಟಿ ಮಾಡಿ. ಗಾಡಿಯನ್ನು ಬದಿಗೆ ಉರುಳಿಸಿ, ಟ್ರ್ಯಾಕ್ ತೋಡಿದ ಗುಂಡಿಗೆ ಹಿಮ ತುಂಬಿ ಮತ್ತೆ ನಿಲ್ಲಿಸುವುದು ಇನ್ನೊಂದು ದಾರಿ. ಜೊತೆಯವರಿದ್ದರೆ ಒಬ್ಬರು ಸ್ಕೀ ಎಳೆಯಲಿ. ಓಡುತ್ತಿರುವ ಟ್ರ್ಯಾಕ್ ಹಿಂದೆ ಮಾತ್ರ ಯಾರೂ ನಿಲ್ಲಬಾರದು.

ಪೌಡರ್ ಟ್ರ್ಯಾಕ್ ಹಾಕಿಕೊಂಡು ಗಟ್ಟಿ ದಾರಿಯಲ್ಲಿ ಹೋಗಬಹುದಾ?

ಬೆಟ್ಟ ತಲುಪಲು ಹೋಗಲೇಬೇಕಲ್ಲ. ಆದರೆ ನಿಧಾನ. ಎತ್ತರದ ಲಗ್ ಗಟ್ಟಿ ನೆಲದಲ್ಲಿ ಮಡಚಿ ಮಡಚಿ ಬಿಸಿಯಾಗುತ್ತದೆ, ಬುಡದಲ್ಲಿ ಹರಿಯಬಹುದು. ಟ್ರ್ಯಾಕ್ ಜಾರುವ ಪ್ಲಾಸ್ಟಿಕ್ ಪಟ್ಟಿಗಳಿಗೆ ಹಿಮವೇ ಎಣ್ಣೆ ಇದ್ದ ಹಾಗೆ. ಎಂಜಿನ್ ತಣ್ಣಗಿಡುವ ಕೂಲರ್‌ಗಳಿಗೂ ಟ್ರ್ಯಾಕ್ ಎರಚುವ ಹಿಮವೇ ಬೇಕು. ಮಂಜುಗಡ್ಡೆಯಂಥ ದಾರಿಯಲ್ಲಿ ಎರಡೂ ಸಿಗುವುದಿಲ್ಲ. ನೆಲ ಕೆರೆದು ಹಿಮದ ಪುಡಿ ಎಬ್ಬಿಸುವ ಸ್ಕ್ರ್ಯಾಚರ್ ತಂತಿಗಳನ್ನು ಇಳಿಸಿಕೊಳ್ಳಿ. ಆಗಾಗ ದಾರಿಬದಿಯ ಮೆತ್ತನೆ ಹಿಮಕ್ಕೆ ಇಳಿದು ಬನ್ನಿ.

ನನ್ನ ಟ್ರೇಲ್ ಗಾಡಿಗೆ ದೊಡ್ಡ ಲಗ್ ಟ್ರ್ಯಾಕ್ ಹಾಕಿಸಬಹುದಾ?

ಮೊದಲು ಟನಲ್ (ಟ್ರ್ಯಾಕ್ ಸುತ್ತುವ ಗೂಡು) ಒಳಗೆ ಜಾಗ ಅಳೆಯಿರಿ. ಲಗ್ ಕೂಲರ್‌ಗೆ ಬಡಿದರೆ ಕೂಲರ್ ಹರಿದು ಎಂಜಿನ್ ಹೋಗುತ್ತದೆ. ಉದ್ದ ಬದಲಿಸಿದರೆ ಟ್ರ್ಯಾಕ್ ಒಳಗೆ ಅದನ್ನು ಹೊರುವ ರೇಲ್ (ಉದ್ದನೆಯ ಪಟ್ಟಿ) ಕೂಡ ಉದ್ದ ಆಗಬೇಕು, ಗೇರಿಂಗ್ ಬದಲಾಗಬೇಕು. ಒಟ್ಟು ಖರ್ಚು ನೋಡಿದರೆ ಹಳೆಯದಾದರೂ ಬೆಟ್ಟಕ್ಕೆಂದೇ ಮಾಡಿದ ಗಾಡಿ ಕೊಳ್ಳುವುದು ಲೇಸು ಅಂತ ನನ್ನ ಅನಿಸಿಕೆ.

ಈ ರಬ್ಬರ್ ಟ್ರ್ಯಾಕ್ ಯಾರ ತಲೆಗೆ ಹೊಳೆದದ್ದು?

ಕ್ಯೂಬೆಕ್‌ನ ವಾಲ್‌ಕೂರ್ ಎಂಬ ಊರಿನ ಮೆಕ್ಯಾನಿಕ್ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೆ. ಹಿಮದಲ್ಲಿ ಓಡುವ ಗಾಡಿ ಮಾಡುವ ಹುಚ್ಚು ಅವರಿಗೆ ಚಿಕ್ಕಂದಿನಿಂದಲೂ ಇತ್ತು. 1934ರ ಚಳಿಗಾಲದಲ್ಲಿ ಅವರ ಪುಟ್ಟ ಮಗ ಕಾಯಿಲೆ ಬಿದ್ದ. ದಾರಿಯೆಲ್ಲ ಹಿಮ ತುಂಬಿತ್ತು, ಆಸ್ಪತ್ರೆಗೆ ಒಯ್ಯಲು ಆಗಲಿಲ್ಲ, ಮಗು ತೀರಿಕೊಂಡಿತು. ಹಲ್ಲುಚಕ್ರ ಮತ್ತು ಟ್ರ್ಯಾಕ್ ಜೋಡಣೆಗೆ ಅವರಿಗೆ 1937ರಲ್ಲಿ ಪೇಟೆಂಟ್ ಸಿಕ್ಕಿತು. ಮೊದಲು ಮಾಡಿದ್ದು ಏಳು ಜನ ಕೂರುವ ಗಾಡಿ. ಒಬ್ಬಿಬ್ಬರು ಕೂರುವ ಸ್ಕೀ-ಡೂ ಬಂದದ್ದು 1959ರಲ್ಲಿ. ಬೆಸುಗೆ ಇಲ್ಲದ ಒಂದೇ ತುಂಡಿನ ಹಗುರ ರಬ್ಬರ್ ಟ್ರ್ಯಾಕ್ ಸಾಧ್ಯವಾದ ಮೇಲೆಯೇ ಅಷ್ಟು ಚಿಕ್ಕ ಗಾಡಿ ಸಾಧ್ಯವಾಯಿತು. ಅನೇಕ ಗಾಡಿಗಳಿಗೆ ಟ್ರ್ಯಾಕ್ ಮಾಡಿಕೊಟ್ಟ ಕಾಮ್ಸೊ ಕೂಡ ಕ್ಯೂಬೆಕ್‌ನಲ್ಲೇ ಹುಟ್ಟಿದ ಕಂಪನಿ. 2018ರಲ್ಲಿ ಅದನ್ನು ಮಿಶೆಲಿನ್ ಕೊಂಡಿತು.

ಗುಲ್ಮಾರ್ಗ್‌ನಲ್ಲಿ ಓಡಿಸಿದ್ದೇನೆ. ಅದೂ ಇದೂ ಒಂದೇನಾ?

ಗುಲ್ಮಾರ್ಗ್ 2,650 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಪೌಡರ್‌ಗೆ ಒಳ್ಳೆಯ ಹೆಸರಿದೆ. ಆದರೆ ಪ್ರವಾಸಿಗರನ್ನು ಸಾಮಾನ್ಯವಾಗಿ ಕೂರಿಸಿಕೊಂಡು ಹೋಗುವುದು ಓಡಾಡಿ ಗಟ್ಟಿಯಾದ ಹಾದಿಯಲ್ಲಿ. ಆ ಅನುಭವ ಚೆನ್ನಾಗಿರುತ್ತದೆ, ಪೌಡರ್ ಸವಾರಿಗೆ ತಯಾರಿ ಮಾತ್ರ ಅಲ್ಲ.

ಒಳ್ಳೆಯ ಟ್ರ್ಯಾಕ್ ಇದ್ದರೆ ಬೆಟ್ಟದಲ್ಲಿ ಸುರಕ್ಷಿತ ತಾನೇ?

ಇಲ್ಲ. ದಯವಿಟ್ಟು ಇದನ್ನು ಗಮನ ಕೊಟ್ಟು ಓದಿ. ಒಳ್ಳೆಯ ಟ್ರ್ಯಾಕ್ ನಿಮ್ಮನ್ನು ಹೆಚ್ಚು ಅಪಾಯದ ಜಾಗಕ್ಕೆ ಕರೆದೊಯ್ಯುತ್ತದೆ. ಮೊದಲಾದರೆ ಗಾಡಿ ಹತ್ತುತ್ತಲೇ ಇರಲಿಲ್ಲ. ಈಗ ಹತ್ತುತ್ತದೆ. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಉದ್ದ ಟ್ರ್ಯಾಕ್‌ನವರು ಇಷ್ಟಪಡುವುದೂ ಅದನ್ನೇ.

ಸಿಯಾಚಿನ್‌ನಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರವರಿಯಲ್ಲಿ ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕಿದ್ದು ನಮಗೆಲ್ಲ ನೆನಪಿದೆ. ಕೆಲವೇ ದಿನಗಳಲ್ಲಿ ಅವರು ನಮ್ಮನ್ನು ಅಗಲಿದರು. ಹಿಮದಡಿ ಅಷ್ಟು ದಿನ ಬದುಕುವುದು ತೀರಾ ಅಪರೂಪ. ಹೂತವರನ್ನು ಮೊದಲ ಹತ್ತು ನಿಮಿಷದೊಳಗೆ ತೆಗೆದರೆ ಹೆಚ್ಚಿನವರು ಉಳಿಯುತ್ತಾರೆ. ಅರ್ಧ ಗಂಟೆ ದಾಟಿದರೆ ಉಳಿಯುವವರು ಕಡಿಮೆ. ಹೊರಗಿನಿಂದ ಸಹಾಯ ಬರುವಷ್ಟು ಸಮಯ ಇರುವುದಿಲ್ಲ. ಉಳಿಸುವವರು ಜೊತೆಯಲ್ಲಿರುವವರೇ.

ಹಾಗಾಗಿ ಪ್ರತಿಯೊಬ್ಬರ ಮೈಮೇಲೆ ಬೀಕನ್ (ಹೂತವರ ಜಾಗ ಪತ್ತೆಗೆ ರೇಡಿಯೋ ಸಂಕೇತ ಕಳಿಸುವ ಸಾಧನ), ಬೆನ್ನ ಚೀಲದಲ್ಲಿ ಸಲಿಕೆ ಮತ್ತು ಹಿಮಕ್ಕೆ ಚುಚ್ಚಿ ಹುಡುಕುವ ಪ್ರೋಬ್ ಕಡ್ಡಿ ಇರಲಿ. ಗಾಡಿಗೆ ಕಟ್ಟಿಡಬೇಡಿ, ಗಾಡಿಯೂ ಹೂತು ಹೋಗುತ್ತದೆ. ಕೆನಡಾದಲ್ಲಿ ಹೊರಡುವ ಮೊದಲು ಹಿಮಕುಸಿತದ ಬಗ್ಗೆ ಎಚ್ಚರಿಸುವ ಅವಲಾಂಚ್ ಕೆನಡಾ ಸಂಸ್ಥೆಯ ಆ ದಿನದ ಮುನ್ಸೂಚನೆ ಓದಿ. ಒಂದು ಇಳಿಜಾರಿನ ಮೇಲೆ ಒಂದು ಸಲಕ್ಕೆ ಒಂದೇ ಗಾಡಿ. ಮೇಲೆ ಸಿಕ್ಕಿಕೊಂಡವರಿಗೆ ಸಹಾಯ ಮಾಡಲು ಇನ್ನೊಬ್ಬರು ಹತ್ತಿದಾಗ ಆದ ಸಾವುಗಳು ಬಹಳ. ಹಿಮಕುಸಿತದ ತರಬೇತಿ ತಗೊಳ್ಳಿ. ಟ್ರ್ಯಾಕ್ ಬದಲಿಸುವ ದುಡ್ಡು ಇದ್ದರೆ ಅದನ್ನು ಮೊದಲು ಇದಕ್ಕೆ ಹಾಕಿ.

ಟ್ರ್ಯಾಕ್ ಎಷ್ಟು ಬಿಗಿ ಇರಬೇಕು?

ಕೈಪಿಡಿಯಲ್ಲಿ ಹೇಳಿದಷ್ಟು. ಟ್ರ್ಯಾಕ್‌ನ ಕೆಳಭಾಗದ ನಡುವಿಗೆ ಇಂತಿಷ್ಟು ಭಾರ ತೂಗುಹಾಕಿದರೆ ಎಷ್ಟು ಜೋಲಬೇಕು ಅಂತ ಕೊಟ್ಟಿರುತ್ತಾರೆ. ತೀರಾ ಸಡಿಲ ಇದ್ದರೆ ಜೋರಾಗಿ ಥ್ರಾಟಲ್ ಕೊಟ್ಟಾಗ ಹಲ್ಲುಚಕ್ರ ಹಾರಿ ಕಟಕಟ ಸದ್ದು ಬರುತ್ತದೆ. ತೀರಾ ಬಿಗಿ ಇದ್ದರೆ ಎಂಜಿನ್ ಶಕ್ತಿ ತಿನ್ನುತ್ತದೆ. ಹೊಸ ಟ್ರ್ಯಾಕ್ ಮೊದಮೊದಲು ಹಿಗ್ಗುತ್ತದೆ, ಹಾಗಾಗಿ ಮೊದಲ ಕೆಲವು ಸವಾರಿಗಳ ನಂತರ ತಪ್ಪದೆ ನೋಡಿ.

ಬಾಡಿಗೆಗೆ ಅಥವಾ ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಟ್ರ್ಯಾಕ್‌ನಲ್ಲಿ ಏನು ನೋಡಬೇಕು?

ಗಾಡಿಯ ಹಿಂಭಾಗ ಎತ್ತಿಸಿ, ಟ್ರ್ಯಾಕ್ ಅನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿ. ಲಗ್ ಬುಡದಲ್ಲಿ ಸೀಳು, ಮುರಿದ ಕಡ್ಡಿ, ಅಂಚಿನಲ್ಲಿ ಹೊರಬಂದ ನೂಲು, ಉದುರಿದ ಲೋಹದ ಕ್ಲಿಪ್‌ಗಳು ಇವೆಯಾ ಅಂತ ಹುಡುಕಿ. ಅಲ್ಲೊಂದು ಇಲ್ಲೊಂದು ಲಗ್ ತುದಿ ಕಿತ್ತಿದ್ದರೆ ಚಿಂತೆ ಇಲ್ಲ. ಕಡ್ಡಿ ಮುರಿದಿದ್ದರೆ, ಅದೂ ಅಕ್ಕಪಕ್ಕದವು ಮುರಿದಿದ್ದರೆ, ಬೇರೆ ಗಾಡಿ ಕೇಳಿ.